ಟ್ಯಾಗ್ ಕಳಚಿದರೆ ಕನ್ನಡವೇ ಮಾಯ

ವಾಟ್ಸಾಪ್‌ನಲ್ಲಿ 'ನಾಳೆ' ಅನ್ನೋ ಪದದ ಹಿಂದೊಂದು ಮುಂದೊಂದು ಸ್ಟಾರ್ ಹಾಕಿ ಕಳಿಸಿದರೆ ಅದು ದಪ್ಪಗೆ ಕಾಣ್ತದೆ. 2016ರಿಂದ ಇದು ನಮ್ಮ ಬೆರಳಿಗೆ ರೂಢಿ. ಆ ಸ್ಟಾರ್ ಓದುವವರಿಗಲ್ಲ, ಫೋನಿಗೆ. 'ಇಲ್ಲಿಂದ ಇಲ್ಲಿತನಕ ದಪ್ಪ ಮಾಡಪ್ಪ' ಅಂತ ಹೇಳೋ ಗುರುತು. ಇದೇ ಟ್ಯಾಗ್. ಇಂಥ ಗುರುತು ಓದಿ ಸಾಲು ಜೋಡಿಸೋ ಪುಟ್ಟ ಪ್ರೋಗ್ರಾಂ ಬರೆಯೋದು ಕಂಪ್ಯೂಟರ್ ಕಲಿಯುವವರಿಗೆ ಒಳ್ಳೇ ಅಭ್ಯಾಸ. ನಾನೂ ಬರೆದೆ. ಪರೀಕ್ಷೆಗೆ ಕೊಟ್ಟ ಮೊದಲ ಪದ ನಮ್ಮ ಊರಿನ ಹೆಸರು: ಘಟಪ್ರಭಾ.

ಅದರ ಕಥೆಗೆ ಆಮೇಲೆ ಬರ್ತೀನಿ. ಮೊದಲು ಟ್ಯಾಗ್ ಎಲ್ಲಿಂದ ಬಂತು ನೋಡೋಣ.

1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ಅನ್ನೋ ವಿದ್ಯಾರ್ಥಿ ತನ್ನ ಪಿಎಚ್‌ಡಿ ಪ್ರಸ್ತಾವನೆ ಬರೆಯಬೇಕಿತ್ತು. ಅದಕ್ಕಂತ 'ರನ್‌ಆಫ್' ಅನ್ನೋ ಪ್ರೋಗ್ರಾಂ ಮಾಡಿಕೊಂಡ. ನಿಯಮ ಸರಳ. ಸಾಲು ಚುಕ್ಕೆಯಿಂದ ಶುರುವಾದರೆ ಅದು ಆಜ್ಞೆ, ಇಲ್ಲದಿದ್ದರೆ ಮಾತು. ಬೆಲ್ ಲ್ಯಾಬ್ಸ್‌ನವರು ಇದೇ ಜಾಡಿನಲ್ಲಿ 'ರಾಫ್' ಮಾಡಿದರು. 1971ರ ಸುಮಾರಿಗೆ ಅವರ ಪೇಟೆಂಟ್ ವಿಭಾಗದ ಟೈಪಿಸ್ಟರು ಅದನ್ನು ಬಳಸತೊಡಗಿದರು. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಮುತ್ತಜ್ಜನಂತಿರೋ ಯುನಿಕ್ಸ್‌ಗೆ ಆಗ ಹೊಸ ಯಂತ್ರ ಸಿಕ್ಕಿದ್ದೇ ಈ ಅಕ್ಷರ ಜೋಡಿಸೋ ಕೆಲಸದ ಹೆಸರಿನಲ್ಲಿ! 1969ರಲ್ಲಿ ಐಬಿಎಂನ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಕಾನೂನು ಕಾಗದಪತ್ರಗಳ ಮೇಲೆ ಕೆಲಸ ಮಾಡ್ತಾ ಮತ್ತೊಂದು ದಾರಿ ಹಿಡಿದರು. 'ಇದನ್ನು ದಪ್ಪ ಮಾಡು' ಅನ್ನೋ ಬದಲು 'ಇದು ತಲೆಬರಹ' ಅಂತ ಗುರುತು ಹಾಕೋದು. ಹೇಗೆ ಕಾಣಬೇಕು ಅನ್ನೋದನ್ನ ಆಮೇಲೆ ತೀರ್ಮಾನಿಸಿದರಾಯ್ತು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಎಚ್‌ಟಿಎಂಎಲ್‌ಗೆ ಬರೆದ ಮೊದಲ ಪಟ್ಟಿಯಲ್ಲಿ ಇದ್ದದ್ದು 18 ಟ್ಯಾಗ್ ಮಾತ್ರ.

ಅದೇ 1991ರಲ್ಲಿ ನಮ್ಮ ದೇಶದಲ್ಲೂ ಒಂದು ಕೆಲಸ ಆಯ್ತು, ಅದನ್ನ ಯಾರೂ ಅಷ್ಟಾಗಿ ನೆನೆಯೋದಿಲ್ಲ. ಭಾರತೀಯ ಲಿಪಿಗಳಿಗೆಂದು ಇಸ್ಕಿ ಅನ್ನೋ ಸಂಕೇತ ವ್ಯವಸ್ಥೆ ಸರ್ಕಾರಿ ಮಾನಕ ಆಯ್ತು. ಅದರಲ್ಲಿ 239ನೇ ಸ್ಥಾನವನ್ನು ಯಾವ ಅಕ್ಷರಕ್ಕೂ ಕೊಡದೆ ಗುರುತಿಗೇ ಮೀಸಲಿಟ್ಟರು. 239 ಬಂತು ಅಂದರೆ ಮುಂದಿನ ಒಂದು ಸಂಕೇತ ಆಜ್ಞೆ. ದಪ್ಪ ಮಾಡು ಅನ್ನಬಹುದು, ಇಲ್ಲಾ ಕನ್ನಡ ಬಿಟ್ಟು ಬಂಗಾಳಿಗೆ ಹೋಗು ಅನ್ನಬಹುದು. ಮುಂದಿನ 239 ಬಂದಾಗ, ಅದಿಲ್ಲದಿದ್ದರೆ ಸಾಲು ಮುಗಿದಾಗ, ಆಜ್ಞೆಯೂ ಮುಗೀತು. ಟ್ಯಾಗ್ ಮುಚ್ಚೋದು ಮರೆತು ಇಡೀ ಪುಟ ದಪ್ಪ ಮಾಡಿದವರಿಗೆ ಇದರ ಬೆಲೆ ಗೊತ್ತು. ನನಗಂತೂ ಇದು ಜಾಣ ಉಪಾಯ ಅನಿಸ್ತದೆ.

ಆದರೆ ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಗೆದ್ದದ್ದು ಇಸ್ಕಿ ಅಲ್ಲ, ಫಾಂಟು. 1998ರಲ್ಲಿ ಶೇಷಾದ್ರಿವಾಸು 'ಬರಹ' ತಂದರು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸರ್ಕಾರಿ ಸುತ್ತೋಲೆ ಎಲ್ಲಾ ಹೀಗೇ ತಯಾರಾದವು. ಅವರು ಮಾಡಿದ್ದು ಉಪಕಾರವೇ, ಅದರಲ್ಲಿ ಎರಡು ಮಾತಿಲ್ಲ. ಆ ಕಾಲದ ಕಂಪ್ಯೂಟರಿಗೆ ಕನ್ನಡ ಅಂದರೇನು ಅಂತ್ಲೇ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು.

ಚೂರು ಅಂದೆ, ಅಕ್ಷರ ಅನ್ನಲಿಲ್ಲ. ನುಡಿ ಫಾಂಟಿನಲ್ಲಿ 'ಕ' ಅಂದರೆ ಎರಡು ಚೂರು: ಇಂಗ್ಲಿಷಿನ ದೊಡ್ಡ ಪಿ ಜಾಗದಲ್ಲಿ ತಲಕಟ್ಟಿಲ್ಲದ ಕಕಾರ, ತಲೆ ಮೇಲೆ ಗೀಟಿರೋ ಎ ಜಾಗದಲ್ಲಿ ತಲಕಟ್ಟು. ನಕಾರ ಕೂತಿರೋದು ಪೌಂಡ್ ಚಿಹ್ನೆಯ ಮೇಲೆ. 'ಕನ್ನಡ' ಅನ್ನೋ ಪದಕ್ಕೆ ಹೀಗೆ ಏಳು ಚೂರು. ಅಚ್ಚಿನ ಮೊಳೆ ಜೋಡಿಸಿದ ಹಾಗೇ.

ಈಗ ಟ್ಯಾಗಿಗೆ ಬರೋಣ. ಈ ಏಳು ಚೂರು ಕನ್ನಡ ಅಂತ ಕಂಪ್ಯೂಟರಿಗೆ ಹೇಳೋರು ಯಾರು? ಫಾಂಟಿನ ಟ್ಯಾಗ್ ಒಂದೇ. ಬೇರೆಯವರ ಟ್ಯಾಗ್ ದಪ್ಪ, ಓರೆ, ತಲೆಬರಹ ಅಂತ ಹೇಳ್ತಿದ್ದರೆ ನಮ್ಮ ಟ್ಯಾಗ್ ಭಾಷೆಯನ್ನೇ ಹೊತ್ತುಕೊಂಡಿತ್ತು. ದಪ್ಪದ ಟ್ಯಾಗ್ ಹೋದರೆ ಪದ ತೆಳ್ಳಗಾಗ್ತದೆ, ಅಷ್ಟೇ. ಫಾಂಟಿನ ಟ್ಯಾಗ್ ಹೋದರೆ ಪೌಂಡು, ಪಿ, ಗೀಟಿನ ಎ, ಬರೀ ಕಸ. ಆಗಿನ ಕನ್ನಡ ವೆಬ್‌ಸೈಟ್‌ಗಳ ಮೇಲ್ಗಡೆ 'ಫಾಂಟ್ ಡೌನ್‌ಲೋಡ್ ಮಾಡಿಕೊಳ್ಳಿ' ಅಂತ ಇರ್ತಿತ್ತಲ್ಲ, ಅದು ಇದಕ್ಕೇ.

1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಇದೆ. ಆದರೆ ಅದು ವಿಂಡೋಸ್ ಬಳಸುವವರ ಕೈಗೆ ಬಂದದ್ದು 2001ರ ಎಕ್ಸ್‌ಪಿ ಹೊತ್ತಿಗೆ. ಅಷ್ಟರಲ್ಲಿ ರಾಶಿ ರಾಶಿ ಫೈಲು ಚೂರುಗಳಲ್ಲೇ ತಯಾರಾಗಿದ್ದವು. ಇವತ್ತಿಗೂ ಅಂಥ ಫೈಲು ವಾಟ್ಸಾಪ್‌ನಲ್ಲಿ ಬಂದು, ತೆರೆದು ನೋಡಿದರೆ ಕಸ ಕಾಣೋದು ನಮ್ಮ ಕಡೆ ಹೊಸದೇನಲ್ಲ.

ಪರಿವರ್ತಕ ಬರೆದರೆ ಮುಗೀತಲ್ಲ ಅಂತೀರಾ? ಬರೆದಿದ್ದಾರೆ, ಚೆನ್ನಾಗೇ ಕೆಲಸ ಮಾಡ್ತವೆ. ಆದರೆ ತೊಡಕು ಎಲ್ಲಿದೆ ನೋಡ್ರಿ. ಸೇವಾದಳ ಕಟ್ಟಿದ, ನಮ್ಮ ಘಟಪ್ರಭಾದ ಆರೋಗ್ಯ ಸಂಸ್ಥೆಯ ಡಾ. ನಾ. ಸು. ಹರ್ಡೀಕರ ಅವರ ಹೆಸರನ್ನೇ ತಗೊಳ್ಳಿ. 'ಹರ್ಡೀಕರ' ಅನ್ನುವಾಗ ಬಾಯಲ್ಲಿ ಮೊದಲು ಬರೋದು ರ್, ಆಮೇಲೆ ಡೀ. ಬರೆಯುವಾಗ ಅರ್ಕಾವತ್ತು ಡಕಾರದ ಬಲಕ್ಕೆ. ಹಳೇ ಫಾಂಟು ಕಣ್ಣಿಗೆ ಕಂಡ ಕ್ರಮ ಇಟ್ಟುಕೊಂಡರೆ, ಯೂನಿಕೋಡ್ ಉಚ್ಚಾರದ ಕ್ರಮ ಇಡ್ತದೆ. ಅಂದರೆ ಪರಿವರ್ತಕ ಅರ್ಕಾವತ್ತನ್ನು ಎತ್ತಿ ಒಂದು ಅಕ್ಷರ ಹಿಂದಕ್ಕೆ ಒಯ್ಯಬೇಕು.

ಇದಾದರೂ ಮಾಡಬಹುದು. ಟ್ಯಾಗ್ ಕಳಚಿದ ಫೈಲಿನಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಇದ್ದರೆ? ನುಡಿಯಲ್ಲಿ ದೊಡ್ಡ ಸಿ ಅಂದರೆ 'ಅ', ದೊಡ್ಡ ಡಿ ಅಂದರೆ 'ಆ'. ಇಂಗ್ಲಿಷಿನಲ್ಲಿ 'ಸಿಡಿ' ಅಂತ ಬರೆದದ್ದು 'ಅಆ' ಆಗಿ ಹೊರಬೀಳ್ತದೆ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅಂತ ಹೇಳ್ತಿದ್ದ ಗುರುತೇ ಹೋಗಿರ್ತದಲ್ಲ. ಕಡೆಗೆ ಒಬ್ಬ ಮನುಷ್ಯ ಕೂತು ಓದಲೇಬೇಕು.

ಈಗ ನನ್ನ ಪ್ರೋಗ್ರಾಂ ಕಥೆ. ಟ್ಯಾಗ್ ಭಾಗ ಸಲೀಸು. ಒಂದೊಂದೇ ಸಂಕೇತ ಓದಬೇಕು. ಟ್ಯಾಗ್ ತೆರೆದರೆ ತಟ್ಟೆ ಪೇರಿಸಿದ ಹಾಗೆ ಮೇಲಿಡಬೇಕು, ಮುಚ್ಚಿದರೆ ಮೇಲಿನದನ್ನ ತೆಗೀಬೇಕು. ಕಷ್ಟ ಇರೋದು ಸಾಲು ಮುರಿಯೋದರಲ್ಲಿ. ಸಾಲಿಗಿಂತ ಉದ್ದದ ಪದ ಬಂದರೆ ಎಲ್ಲಿ ಕತ್ತರಿಸಬೇಕು? ಘಟಪ್ರಭಾ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಘ, ಟ, ಪ್ರ, ಭಾ. ಯೂನಿಕೋಡ್ ಲೆಕ್ಕದಲ್ಲಿ ಏಳು, ಯುಟಿಎಫ್-8 ಬೈಟ್ ಲೆಕ್ಕದಲ್ಲಿ 21. ನಾಲ್ಕು ಯೂನಿಕೋಡ್ ಸಂಕೇತಕ್ಕೆ ಕತ್ತರಿಸಿದರೆ ಒಂದು ಸಾಲಿನಲ್ಲಿ 'ಘಟಪ್', ಮುಂದಿನ ಸಾಲಿನಲ್ಲಿ 'ರಭಾ'. ಬೈಟ್ ನಡುವೆ ಕತ್ತರಿಸಿದರಂತೂ ಅಕ್ಷರದ ಜಾಗದಲ್ಲಿ ಡಬ್ಬಿಗಳು. ಸಾಲ್ಟ್ಜರ್‌ಗೆ ಈ ಚಿಂತೆ ಇರಲಿಲ್ಲ. ಅವನ ಟೈಪ್‌ರೈಟರಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಮನೆ.

ಹಾಗಾಗಿ ಕನ್ನಡದ ಫಾರ್ಮ್ಯಾಟರಿಗೆ ಟ್ಯಾಗಿಗಿಂತ ಮೊದಲು ಒತ್ತಕ್ಷರ ಕಲಿಸಬೇಕು: ವಿರಾಮ ಚಿಹ್ನೆ, ಅಂದರೆ ಅರ್ಧಾಕ್ಷರದ ಗೀಟು, ಬಂದು ಅದರ ಹಿಂದೆ ವ್ಯಂಜನ ಬಂದರೆ ಮುರೀಬೇಡ, ಸ್ವರದ ಗುಣಿತ ಬಂದರೂ ಮುರೀಬೇಡ. ಇಷ್ಟು ಸೇರಿಸಿದ ಮೇಲೆ ನನ್ನ ಪ್ರೋಗ್ರಾಂ 'ಹುಕ್ಕೇರಿ'ಯನ್ನೂ ಸರಿಯಾಗಿ ಮೂರೇ ಅಕ್ಷರ ಅಂತ ಎಣಿಸ್ತು.

ಮನೇಲಿ, ಅಂಗಡೀಲಿ ಹಳೇ ಫೈಲು ಇದ್ದರೆ ಒಂದು ಕೆಲಸ ಮಾಡ್ರಿ. ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದು ಅಂತ ಫೈಲಿನ ಹೆಸರಿನಲ್ಲೇ ಬರೆದಿಡ್ರಿ. ಆ ಫಾಂಟಿನ ಪ್ರತಿಯೊಂದನ್ನೂ ಜೊತೆಗೇ ಇಡ್ರಿ.