ನೀಲಗಾರರ ಹಾಡು ಮತ್ತು ಸಮೂಹ ಮನಸ್ಸಿನ ವಾದ

ಮಂಟೇಸ್ವಾಮಿ ಕಾವ್ಯವನ್ನು ಮದ್ದೂರು ಸೀಮೆಯ ನೀಲಗಾರ (ಮಂಟೇಸ್ವಾಮಿ ಪಂಥದ ದೀಕ್ಷೆ ಪಡೆದವನು) ಹಾಡಿದರೂ ಮಳವಳ್ಳಿ ಸೀಮೆಯವನು ಹಾಡಿದರೂ ಕೆಂಪಾಚಾರಿ ನಿಡಘಟ್ಟದವನೇ. ಮುಂದೆ ಸಿದ್ದಪ್ಪಾಜಿಯಾಗುವ ಆತ ಕಬ್ಬಿಣದ ಭಿಕ್ಷೆಗೆ ಹೋಗುವುದು ಹಲಗೂರಿಗೇ. ಮಂಟೇಸ್ವಾಮಿ ‘ಧರೆಗೆ ದೊಡ್ಡವರು’, ಸಿದ್ದಪ್ಪಾಜಿ ‘ಘನನೀಲಿ’. ಒಬ್ಬರ ಮುಖ ಒಬ್ಬರು ನೋಡದ ಹಾಡುಗಾರರ ಬಾಯಲ್ಲೂ ಇವು ಒಂದೇ ಬಗೆಯಾಗಿ ಬರುತ್ತವೆ. ಇದನ್ನು ಕಂಡು, ಈ ಕಾವ್ಯಕ್ಕೆ ಕರ್ತೃವಿಲ್ಲ, ಇದು ಸಮೂಹ ಮನಸ್ಸಿನಿಂದ ತಾನಾಗಿ ಮೂಡಿದ್ದು ಎಂದು ಬರೆಯುವ ರೂಢಿ ಕನ್ನಡ ಜಾನಪದ ಗ್ರಂಥಗಳ ಪೀಠಿಕೆಗಳಲ್ಲಿ ಬಹುಕಾಲದಿಂದ ಇದೆ. ಸಾಕ್ಷ್ಯವೇನೋ ನಿಜ. ಅದರಿಂದ ಎಳೆದ ತೀರ್ಮಾನ ನಿಲ್ಲುವುದಿಲ್ಲ.

ಈ ವಾದದ ಬೇರು ಜರ್ಮನಿಯ ಯಾಕೋಬ್ ಗ್ರಿಮ್‌ನ ಬಳಿ ಇದೆ. ಮಹಾಕಾವ್ಯವನ್ನು ಯಾವ ಕವಿಯೂ ಬರೆಯುವುದಿಲ್ಲ, ಅದು ಜನಾಂಗದೊಳಗೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಆತನ ನಂಬಿಕೆ. ಈ ನಂಬಿಕೆಗೆ ಬೆಂಬಲವಾಗಿ ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್‌ನ ಹೆಸರನ್ನೂ ಎಳೆದು ತರುವುದುಂಟು. ಆದರೆ 1893ರ ಗ್ರಂಥದಲ್ಲಿ ಡರ್ಕೈಮ್ ಹೇಳಿದ ಸಮೂಹ ಪ್ರಜ್ಞೆ ಒಂದು ಸಮಾಜದ ಸಾಮಾನ್ಯ ಜನರು ಹಂಚಿಕೊಂಡ ನಂಬಿಕೆ, ಭಾವನೆಗಳ ಮೊತ್ತ ಮಾತ್ರ. ಕಲಿಸುವವರಿಲ್ಲದೆ ಕಲಿಕೆ ಊರಿಂದೂರಿಗೆ ಹಾರುತ್ತದೆ ಎಂದು ಆತ ಎಲ್ಲಿಯೂ ಹೇಳಿಲ್ಲ. ಅಂಥ ಮಾತನ್ನು ಹೇಳಿದವನು ಇಂಗ್ಲೆಂಡಿನ ಜೀವವಿಜ್ಞಾನಿ ರೂಪರ್ಟ್ ಶೆಲ್ಡ್ರೇಕ್. ಒಂದೆಡೆ ಕಲಿತದ್ದು ಅದೇ ಜಾತಿಯ ದೂರದ ಜೀವಿಗಳಿಗೂ ಸುಲಭವಾಗುತ್ತದೆ ಎಂಬ ಊಹೆಯನ್ನು ಆತ 1981ರಲ್ಲಿ ಪ್ರಕಟಿಸಿದ. ಆ ಪುಸ್ತಕ ಬರೆದದ್ದು ತಮಿಳುನಾಡಿನ ಕಾವೇರಿ ದಂಡೆಯ ಶಾಂತಿವನಂ ಆಶ್ರಮದಲ್ಲಿದ್ದಾಗ. ವಿಜ್ಞಾನಿಗಳ ವಲಯ ಅದನ್ನು ಒಪ್ಪಿಲ್ಲ. ಅದೇ ನದಿಯ ಮೇಲ್ದಂಡೆಯ ನೀಲಗಾರರ ಹಾಡಿಗೆ ಅದರ ಅಗತ್ಯವೂ ಇಲ್ಲ.

ವಿವಾದ ತೀರಬೇಕಾದದ್ದು ಹಾಡು ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದರ ಮೇಲೆ. ಕನ್ನಡ ಜನರ ಒಟ್ಟು ಮನಸ್ಸೇ ಇದನ್ನು ಕಟ್ಟಿದ್ದಾದರೆ ಧಾರವಾಡದಲ್ಲೂ ಬೀದರಿನಲ್ಲೂ ಇದರ ಎಳೆ ಸಿಗಬೇಕಿತ್ತು. ಬೀದರ್ ಸೀಮೆಯ ಕಲ್ಯಾಣದ ಪ್ರಸಂಗವಂತೂ ಈ ಕಾವ್ಯದ ಆರಂಭದಲ್ಲೇ ಬರುತ್ತದೆ. ಆದರೂ ಇದನ್ನು ಹಾಡುವುದು ಮಂಡ್ಯ, ಮೈಸೂರು, ಚಾಮರಾಜನಗರ, ರಾಮನಗರದ ಸುತ್ತಿನಲ್ಲಿ, ಎಂದರೆ ಮಂಟೇಸ್ವಾಮಿ ಒಕ್ಕಲು ಇರುವಷ್ಟು ದೂರ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅದೇ ಸೀಮೆಯೊಳಗೇ ಇದೆ. ಮಳವಳ್ಳಿಯ ಒಂದೇ ಊರಿನಲ್ಲಿ ಕಂಸಾಳೆ ಹಿಡಿದ ದೇವರಗುಡ್ಡನೂ ಇರುತ್ತಾನೆ, ತಂಬೂರಿ ಹಿಡಿದ ನೀಲಗಾರನೂ ಇರುತ್ತಾನೆ. ಕೇಳುವ ಜನ ಒಂದೇ, ಆಡುವ ಕನ್ನಡ ಒಂದೇ. ಹೀಗಿದ್ದೂ ಮೊದಲಿನವನ ಮುಖ್ಯ ಕಾವ್ಯ ಮಲೆಯ ಮಾದಪ್ಪನದು, ಎರಡನೆಯವನದು ಮಂಟೇಸ್ವಾಮಿಯದು. ಬೇರೆ ಮಾಡುವುದು ದೀಕ್ಷೆ. ಹರಕೆ ಹೊತ್ತ ಮನೆಯವರು ಮಗನನ್ನು ನೀಲಗಾರನಾಗಿ ಬಿಡುತ್ತಾರೆ, ಅವನು ಗುರುವಿನಿಂದ ದೀಕ್ಷೆ ಪಡೆಯುತ್ತಾನೆ. (ದೀಕ್ಷೆ ಪಡೆದವರೆಲ್ಲ ಹಾಡುಗಾರರಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹಾಡು ಹುಟ್ಟಿನಿಂದಾಗಲಿ ದೀಕ್ಷೆಯಿಂದಾಗಲಿ ತಾನಾಗಿ ಬರುವಂಥದ್ದಲ್ಲ.)

ಕಲಿಕೆ ನಡೆಯುವುದು ಹಿಮ್ಮೇಳದಲ್ಲಿ. ಮುಮ್ಮೇಳದವನು ನುಡಿ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲಿನ ಬಿಡುವಿನಲ್ಲಿ ಮುಂದಿನ ನುಡಿ ಸಿದ್ಧವಾಗುತ್ತದೆ. ರಾತ್ರಿಯಿಡೀ ಹೀಗೆ ಸೊಲ್ಲು ಹಿಡಿದ ಹುಡುಗ ವರ್ಷಗಳ ಮೇಲೆ ತಾನೇ ತಂಬೂರಿ ಹಿಡಿಯುತ್ತಾನೆ. ಯುಗೊಸ್ಲಾವಿಯದ ಹಾಡುಗಾರರ ನಡುವೆ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಸಂಗ್ರಹ ನಡೆಸಿದ. ಆತನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ಗ್ರಂಥದಲ್ಲಿ ತೋರಿಸಿದ್ದೂ ಇದನ್ನೇ: ಹಾಡುಗಾರ ಕಾವ್ಯವನ್ನು ಬಾಯಿಪಾಠ ಮಾಡುವುದಿಲ್ಲ, ಸಿದ್ಧ ನುಡಿಗಟ್ಟುಗಳನ್ನು ಕಲಿತು ಪ್ರತಿ ಸಲವೂ ಕಟ್ಟುತ್ತಾನೆ. ‘ಘನನೀಲಿ’ ಎಲ್ಲರಲ್ಲೂ ಒಂದೇ ಆಗಿರುವುದಕ್ಕೂ ಪ್ರಸಂಗದ ಉದ್ದ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗುವುದಕ್ಕೂ ಕಾರಣ ಇದೇ.

ಮುಖ ನೋಡದವರ ನಡುವಿನ ಹೊಂದಿಕೆಗೆ ಉತ್ತರ ಪರಿಷೆಗಳಲ್ಲಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಗದ್ದುಗೆ ಇದೆ, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯದು, ಕಪ್ಪಡಿಯಲ್ಲಿ ಮಂಟೇಸ್ವಾಮಿಯ ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯದು. ಬನದ ಹುಣ್ಣಿಮೆಯ ಚಂದ್ರಮಂಡಲದ ಆಚರಣೆಯಿಂದ ಐದು ದಿನ ಚಿಕ್ಕಲ್ಲೂರಿನಲ್ಲಿ ಬಿಡಾರ ಹೂಡುವ ಒಕ್ಕಲಿನ ನಡುವೆ ನೀಲಗಾರರೂ ಇರುತ್ತಾರೆ. ಮದ್ದೂರಿನವನು ಮಳವಳ್ಳಿಯವನನ್ನು ನೋಡಿರದಿದ್ದರೂ ಇಬ್ಬರ ಗುರುಗಳೂ ಒಂದೇ ಗದ್ದುಗೆಯ ಮುಂದೆ ಕೂತು ಒಬ್ಬರ ಹಾಡನ್ನು ಒಬ್ಬರು ಕೇಳುವುದಕ್ಕೆ ಇಲ್ಲಿ ವರ್ಷವರ್ಷವೂ ಎಡೆಯಿದೆ.

ಈ ದಾರಿಯನ್ನು ಮೊದಲು ತೋರಿದವರು ಮಂಡ್ಯ ಜಿಲ್ಲೆಯವರೇ ಆದ ಜೀ.ಶಂ. ಪರಮಶಿವಯ್ಯ. ಅವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನು ವೃತ್ತಿಗಾಯಕರ ಪರಂಪರೆಗಳ ಮೂಲಕ ನೋಡಿದರು. ಅವರನ್ನು ಗೌರವದಿಂದ ಹೆಸರಿಸುವ ಪೀಠಿಕೆಗಳೇ ಮುಂದಿನ ಸಾಲಿನಲ್ಲಿ ಸಮೂಹ ಮನಸ್ಸಿಗೆ ಮರಳುತ್ತವೆ. ಇದರ ನಷ್ಟ ಬರಿಯ ತರ್ಕದ್ದಲ್ಲ. ನೀಲಗಾರರಲ್ಲಿ ಬಹಳ ಮಂದಿ ದಲಿತರು. ಕರ್ತೃವಿಲ್ಲ ಎಂದ ಕೂಡಲೇ ಅವರ ಶ್ರಮವೂ ಅವರ ಗುರುಗಳ ಹೆಸರೂ ಕಾವ್ಯದಿಂದ ಅಳಿದುಹೋಗುತ್ತವೆ. ಇನ್ನು ಮುಂದೆ ಮಂಟೇಸ್ವಾಮಿ ಕಾವ್ಯದ ಯಾವುದೇ ಪಾಠವನ್ನು ದಾಖಲಿಸುವವರು ಹಾಡಿದವನ ಹೆಸರಿನ ಜೊತೆಗೆ ಅವನ ಗುರು ಯಾರು, ಎಷ್ಟು ವರ್ಷ ಯಾರ ಹಿಂದೆ ಸೊಲ್ಲು ಹಿಡಿದ, ಯಾವ ಗದ್ದುಗೆಗೆ ನಡೆದುಕೊಳ್ಳುತ್ತಾನೆ ಎಂಬುದನ್ನೂ ಕೇಳಿ ಮೊದಲ ಪುಟದಲ್ಲೇ ಬರೆದಿಡಬೇಕು.