ಹಿಡಿದ ಹುಳು, ಸಾಕಿದ ಹುಳು

ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ನ್ಯಾಮತಿಯ ಕಡೆಯ ಯಾವುದಾದರೂ ಹಳ್ಳಿಯಲ್ಲಿ ನೀವು ಬೆಳಗಿನ ಜಾವ ಎದ್ದು ಹಿತ್ತಿಲಿಗೆ ಹೋಗಿದ್ದರೆ, ಬೇಲಿಯ ಮಗ್ಗುಲಲ್ಲಿ ಬೋರಲು ಹಾಕಿದ ಹಳೆಯ ಮಡಕೆಯೊಂದನ್ನು ನೋಡಿರಬಹುದು. ಹಿಂದಿನ ಸಂಜೆ ಮನೆಯ ಹೆಂಗಸು ಅದರೊಳಗೆ ಒಣಸಗಣಿ, ಹುಲ್ಲಿನ ಚೂರು, ಒಂದಿಷ್ಟು ಹರಕು ಗೋಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗ ನೋಡಿ ಕವುಚಿ ಇಟ್ಟಿರುತ್ತಾಳೆ. ಬೆಳಗಾಗುವುದರೊಳಗೆ ಗೆದ್ದಲು ಅದರ ತುಂಬ ಸೇರಿಕೊಂಡಿರುತ್ತದೆ. ಆಕೆ ಮಡಕೆಯನ್ನು ಎತ್ತಿ ನೆಲಕ್ಕೆ ಕುಟ್ಟುವುದೇ ತಡ, ಹೇಂಟೆ ತನ್ನ ಮರಿಗಳನ್ನೆಲ್ಲ ಕರೆದುಕೊಂಡು ಓಡಿ ಬರುತ್ತದೆ. ಕಾಳು ಕುಟುಕಲು ಇನ್ನೂ ಬಾರದ ಎಳೆಯ ಮರಿಗಳಿಗೆ ಇದಕ್ಕಿಂತ ಒಳ್ಳೆಯ ಆಹಾರ ಹಳ್ಳಿಯಲ್ಲಿ ಇರಲಿಲ್ಲ.

ಪೇಟೆಯಲ್ಲಿ ವಾಸಿಸುವ ನಿಮ್ಮ ಮನೆಯಲ್ಲಿ ಕೋಳಿ ಇಲ್ಲದಿರಬಹುದು; ಗಾಜಿನ ತೊಟ್ಟಿಯಲ್ಲಿ ನಾಲ್ಕು ಮೀನುಗಳೋ ಪಂಜರದಲ್ಲಿ ಒಂದು ಜೋಡಿ ಹಕ್ಕಿಗಳೋ ಇರಬಹುದು. ಅವುಗಳ ಮೇವಿಗೆಂದು ಹುಳುಗಳನ್ನು ಮನೆಯಲ್ಲೇ ಬೆಳೆಸುವವರು ಈಗ ಹೆಚ್ಚಾಗಿದ್ದಾರೆ. ಇದು ಹೊಸ ಕಾಲದ ಹುಚ್ಚೆಂದು ಹಿರಿಯರು ನಗುವುದುಂಟು. ಗೆದ್ದಲಿನ ಮಡಕೆಯನ್ನು ನೆನೆದು, ನಮ್ಮಜ್ಜಿ ಮಾಡುತ್ತಿದ್ದುದೂ ಇದನ್ನೇ ಎಂದು ಇನ್ನು ಕೆಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಈ ಎರಡು ಮಾತುಗಳೂ ಪೂರ್ತಿ ಸರಿಯಲ್ಲ. ಅಜ್ಜಿ ಹುಳುವನ್ನು ಹಿಡಿಯುತ್ತಿದ್ದಳು, ಸಾಕುತ್ತಿರಲಿಲ್ಲ. ಹಿಡಿಯುವ ವಿದ್ಯೆಯೇ ಬೇರೆ, ಸಾಕುವ ವಿದ್ಯೆಯೇ ಬೇರೆ. ಎರಡನೆಯದನ್ನು ಕಲಿಯುವುದಕ್ಕೆ ನಮ್ಮ ನಾಡು ಸಾಕಷ್ಟು ಬೆಲೆ ತೆತ್ತಿದೆ.

ಗೆದ್ದಲನ್ನು ಸಾಕಲು ಏಕೆ ಆಗದು? ನಮ್ಮ ಹೊಲಗಳಲ್ಲಿ ಹುತ್ತ ಕಟ್ಟುವ ಗೆದ್ದಲು ತಾನೇ ಒಬ್ಬ ಬೇಸಾಯಗಾರ. ತಾನು ತಂದ ಒಣಕಸದ ಮೇಲೆ ನೆಲದೊಳಗೆ ಒಂದು ಬಗೆಯ ಬೂಸ್ಟನ್ನು ಬೆಳೆದು ಅದನ್ನು ಉಣ್ಣುತ್ತದೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ ಆ ತೋಟದ್ದೇ ಫಲ. ಮೊಟ್ಟೆಯಿಡುವ ರಾಣಿ ಹುತ್ತದ ಆಳದಲ್ಲಿ ಕುಳಿತಿರುತ್ತಾಳೆ. ಮಡಕೆಗೆ ಬರುವುದು ಮೇವು ಹುಡುಕುವ ಕೂಲಿಗಳು ಮಾತ್ರ, ಅವುಗಳಿಗೆ ಸಂತಾನವಿಲ್ಲ. ಆದ್ದರಿಂದ ಮಡಕೆಯಲ್ಲಿ ಒಂದು ಗೆದ್ದಲು ಎರಡಾಗುವ ಮಾತೇ ಇಲ್ಲ. ಗೌಜಲು ಹಕ್ಕಿಯನ್ನು ಸಾಕುತ್ತಿದ್ದವರ ಕಥೆಯೂ ಇಷ್ಟೆ. ಕಾಳಗಕ್ಕೆಂದು ಮರಿಯಿಂದಲೇ ಸಾಕಿದ ಹಕ್ಕಿಗೆ ಗೆದ್ದಲು ತಿನ್ನಿಸುವುದು ಹಿಂದೆ ವಾಡಿಕೆಯಾಗಿತ್ತು. ಗೂಡನ್ನು ಕೈಯಲ್ಲಿ ಹಿಡಿದು ಹೊಲದ ಬದುವಿನ ಮೇಲೆ ಹುತ್ತ ಹುಡುಕಿಕೊಂಡು ತಿರುಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಗೌಜಲನ್ನು ಹಿಡಿದು ಸಾಕುವುದು ಅಪರಾಧ. ಒಳ್ಳೆಯದೇ ಆಯಿತೆನ್ನಿ.

ಹುಳುವನ್ನು ಮನೆಯೊಳಗೆ ತಂದು, ಮೇವು ಹಾಕಿ, ಅದರ ಬೀಜವನ್ನು ಕಾಪಾಡಿಕೊಂಡು ಬರುವ ವಿದ್ಯೆಯನ್ನು ಕನ್ನಡನಾಡು ಕಲಿತದ್ದು ರೇಷ್ಮೆಹುಳುವಿನಿಂದ. ಟಿಪ್ಪು ಸುಲ್ತಾನ 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿ ರಾಜ್ಯದ ಹಲವು ಕಡೆ ಸಾಕಣೆಗೆ ಏರ್ಪಾಡು ಮಾಡಿದ. ಮುಂದೆ ಅದು ಒಕ್ಕಲು ಮನೆಯ ಪಡಸಾಲೆಯ ಕಸುಬಾಯಿತು. ನಾಲ್ಕು ಸಲ ಪೊರೆ ಬಿಡುವ ಹುಳುವಿನ ಆ ಮೌನದ ಹೊತ್ತನ್ನು ನಮ್ಮ ರೈತರು ‘ಜ್ವರ’ ಎಂದು ಕರೆದರು. ಮನೆಯ ಕೂಸಿಗೆ ಬಳಸುವ ಮಾತನ್ನೇ ಹುಳುವಿಗೂ ಬಳಸಿದರೆಂದರೆ, ಅದು ಎಷ್ಟರ ಮಟ್ಟಿಗೆ ಮನೆಯದಾಗಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಆದರೆ ಹುಳುವಿಗೆ ನಿಜವಾದ ಕಾಯಿಲೆಯೂ ಬಂದಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸ್, ಇಟಲಿ ದೇಶಗಳ ರೇಷ್ಮೆ ಸಾಕಣೆಯನ್ನು ನೆಲಕಚ್ಚಿಸಿದ್ದು ನಾವು ಇಂದು ಗಂಟುರೋಗ ಎನ್ನುವ ಬೇನೆ. ಮೈಸೂರು ಸೀಮೆಯಲ್ಲಿಯೂ ಹುಳುಗಳು ತಟ್ಟೆತಟ್ಟೆಯಾಗಿ ಸತ್ತವು. 1860ರ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಇಲ್ಲಿಗೆ ಬಂದು, ಸರ್ಕಾರದ ನೆರವಿನಿಂದ ಜಪಾನಿನ ಮೊಟ್ಟೆಗಳನ್ನು ತರಿಸಿ ಹೊಸ ತಳಿಯಿಂದ ಕಸುಬನ್ನು ಉಳಿಸಲು ನೋಡಿದ. ಕೈಗೂಡಲಿಲ್ಲ. ಎಷ್ಟು ಹೊಸ ಬೀಜ ತಂದರೇನು, ಬೇನೆ ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ತಿಳಿಯುವವರೆಗೆ ಎಲ್ಲರದೂ ಕತ್ತಲಲ್ಲಿ ತಡಕಾಟವೇ.

ಅದನ್ನು ತಿಳಿಸಿಕೊಟ್ಟವನು ಲೂಯಿ ಪಾಸ್ಚರ್. 1865ರಲ್ಲಿ ಆತ ದಕ್ಷಿಣ ಫ್ರಾನ್ಸಿನ ಅಲೆಸ್ ಎಂಬ ಊರಿಗೆ ಹೋದಾಗ ರೇಷ್ಮೆಹುಳುವಿನ ವಿಷಯದಲ್ಲಿ ಆತನಿಗೆ ಏನೂ ತಿಳಿದಿರಲಿಲ್ಲ. ಐದು ವರ್ಷದ ದುಡಿಮೆಯ ಕೊನೆಗೆ ಆತ ಗೊತ್ತುಮಾಡಿದ ಉಪಾಯ ಬಹಳ ಸರಳವಾದದ್ದು. ಒಂದೊಂದು ತಾಯಿಯೂ ಬೇರೆಬೇರೆಯಾಗಿ ಮೊಟ್ಟೆಯಿಡಲಿ. ಆಮೇಲೆ ಆ ತಾಯಿಯನ್ನು ಒಂದಿಷ್ಟು ನೀರಿನಲ್ಲಿ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಬೇನೆಯ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡಿ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ಕ್ರಮದ ಮಾದರಿ ರೇಷ್ಮೆ ತೋಟವೊಂದನ್ನು ತೆರೆದರು. ಬಸವನಗುಡಿಯ ಆಚೆಯ ಒಂದು ಬಡಾವಣೆಗೆ ಆ ಹೆಸರು ಇಂದಿಗೂ ಉಳಿದಿದೆ. ಮುಂದೆ ಚನ್ನಪಟ್ಟಣದ ಸರ್ಕಾರಿ ಕ್ಷೇತ್ರದ ಮೂಲಕ, ಪರೀಕ್ಷೆ ಮಾಡಿದ ಬಿತ್ತನೆ ರೈತರ ಕೈಸೇರತೊಡಗಿತು.

ಇದು ಸಾಕುಪ್ರಾಣಿಯ ಮೇವಿಗೆ ಸಂಬಂಧಪಟ್ಟ ಮಾತೇ ಎಂದು ನೀವು ಕೇಳಬಹುದು. ಎರಡು ರೀತಿಯಲ್ಲಿ ಸಂಬಂಧವುಂಟು. ನೂಲು ತೆಗೆದ ಮೇಲೆ ಉಳಿಯುವ ಕೋಶ, ಅಂದರೆ ಗೂಡಿನೊಳಗಿನ ಸತ್ತ ಹುಳು, ಮೀನಿಗೂ ಕೋಳಿಗೂ ಬಹಳ ಪುಷ್ಟಿಯ ಆಹಾರ. ಒಣಗಿಸಿದ ಕೋಶದಲ್ಲಿ ಹತ್ತಿರಹತ್ತಿರ ಅರ್ಧಪಾಲು ಸಸಾರಜನಕವೇ ಇದೆ. ಜಪಾನಿನವರು ಕೆರೆಯ ಮೀನಿಗೆ ಅದನ್ನು ಹಾಕಿ ಬೆಳೆಸಿದರು. ನಮ್ಮಲ್ಲಿ ಬಹುಕಾಲ ಅದು ನೂಲು ತೆಗೆಯುವ ಮನೆಗಳ ಹಿಂದೆ ಕೊಳೆತು ನಾರುವ ಕಸವಾಗಿತ್ತು. ಎರಡನೆಯ ಸಂಬಂಧ ಇದಕ್ಕಿಂತ ಹತ್ತಿರದ್ದು. ಅದನ್ನು ಮುಂದೆ ಹೇಳುತ್ತೇನೆ.

ಮೇವಿಗಾಗಿಯೇ ಹುಳು ಸಾಕಿದ್ದು ಯೂರೋಪಿನ ಹಕ್ಕಿಪ್ರಿಯರು. ನೈಟಿಂಗೇಲ್ ಎಂಬ ಹಾಡುಹಕ್ಕಿ ಹುಳುವಿಲ್ಲದೆ ಬದುಕದು. ಅಲ್ಲಿಯ ಚಳಿಗಾಲದಲ್ಲಿ ಹೊರಗೆ ಹುಳು ಸಿಕ್ಕದು. ಹಾಗಾಗಿ ಹಿಟ್ಟಿನ ಹುಳುವನ್ನು ಗೋಧಿಯ ತೌಡು ತುಂಬಿದ ಜಾಡಿಯಲ್ಲಿ ಬೆಳೆಸತೊಡಗಿದರು. 1795ರಲ್ಲಿಯೇ ಜರ್ಮನಿಯ ಬೆಖ್‌ಸ್ಟೈನ್ ಪಂಜರದ ಹಕ್ಕಿಗಳ ಮೇಲೆ ಬರೆದ ಗ್ರಂಥದಲ್ಲಿ ಈ ಹುಳುವಿನ ಮಾತು ಬರುತ್ತದೆ. ಉಗ್ರಾಣದಲ್ಲಿ ಕಂಡರೆ ಮನೆಯಾಕೆ ಬೈದು ಬಿಸಾಡುವ ಹುಳುವಿಗೆ ಮನೆಯಾತ ತೌಡು ಅಳೆದು ಹಾಕುವ ಕಾಲ ಬಂದಿತು!

ನಮ್ಮಲ್ಲಿಯೂ ಇಂಥದೇ ಒಂದು ಸಂಗತಿ ನಡೆಯಿತು. ಅಕ್ಕಿ ಜೋಳದ ಡಬ್ಬಿಯಲ್ಲಿ ಬಲೆ ನೇಯ್ದು ಕಾಳನ್ನು ಗಂಟುಗಂಟಾಗಿಸುವ ಅಕ್ಕಿಪತಂಗವನ್ನು ನೀವು ಬಲ್ಲಿರಿ. ಕಬ್ಬಿನ ಸುಳಿಕೊರಕದ ಮೊಟ್ಟೆಯನ್ನು ನಾಶಮಾಡುವ ಒಂದು ಬಗೆಯ ಅತಿ ಸಣ್ಣ ಕಣಜವಿದೆ. ಅದನ್ನು ಹೇರಳವಾಗಿ ಬೆಳೆಸುವ ಪ್ರಯೋಗದ ವಿಷಯ ಮೈಸೂರು ಸಂಸ್ಥಾನದ ಕೀಟತಜ್ಞ ಟಿ. ವಿ. ಸುಬ್ರಹ್ಮಣ್ಯಂ 1937ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಕಣಜಕ್ಕೆ ಮೇವಾಗಿ ದೇಶದ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದದ್ದು ಈ ಅಕ್ಕಿಪತಂಗದ ಮೊಟ್ಟೆ. ಒಂದು ಮರದ ಪೆಟ್ಟಿಗೆ, ಎರಡೂವರೆ ಕಿಲೋ ನುಚ್ಚು ಸಜ್ಜೆ, ಸ್ವಲ್ಪ ಕಡಲೆಕಾಯಿ ಪುಡಿ, ಮೇಲೆ ಚಿಮುಕಿಸಿದ ಮೊಟ್ಟೆ. ಸುಮಾರು 40 ದಿನಕ್ಕೆ ಪತಂಗ ಏಳತೊಡಗುತ್ತದೆ. ಕೆಲಸ ಮಾಡುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಪತಂಗದ ರೆಕ್ಕೆಯ ಧೂಳು ಉಬ್ಬಸ ತರಿಸುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದವರು ಅನುವಂಶೀಯತೆಯ ಅಭ್ಯಾಸಕ್ಕೆಂದು ಬೆಳೆಸುವ ಹಣ್ಣಿನ ನೊಣದ ಅಡಿಗೆಯಂತೂ ನಮ್ಮ ಮನೆಯದೇ. ಗೋಧಿ ರವೆ, ಬೆಲ್ಲ, ನೀರು. ಗಟ್ಟಿಯಾಗಲು ಅಗರ್, ಬೂಸ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ತುಪ್ಪ ದ್ರಾಕ್ಷಿಯೊಂದು ಕಡಿಮೆ, ಉಳಿದಂತೆ ಸಜ್ಜಿಗೆ! ಮೊಟ್ಟೆ ಹತ್ತು ಹನ್ನೆರಡು ದಿನಕ್ಕೆ ನೊಣವಾಗುತ್ತದೆ. ಅಮೆರಿಕದ ಮಾರ್ಗನ್ 1910ರ ಸುಮಾರಿಗೆ ಈ ನೊಣದ ಮೇಲೆ ಕೆಲಸಮಾಡುತ್ತಿದ್ದಾಗ ಮೊಟಕು ರೆಕ್ಕೆಯ ತಳಿಯೊಂದು ಕಾಣಿಸಿಕೊಂಡಿತು. ಅದು ಹಾರಲಾರದು. ಆದ್ದರಿಂದಲೇ ಇಂದು ಸಣ್ಣ ಮೀನು, ಕಪ್ಪೆ ಸಾಕುವವರಿಗೆ ಅದರ ಮೇಲೆ ಬಲು ಪ್ರೀತಿ.

ಈಗ ಆ ಎರಡನೆಯ ಸಂಬಂಧದ ಮಾತು. ಇರುಳಲ್ಲಿ ಚಿರ್‌ಗುಟ್ಟುವ ಮನೆಯ ಜೀರುಂಡೆಯನ್ನು ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ನಡುವಿನಿಂದ ಲಕ್ಷಗಟ್ಟಲೆ ಬೆಳೆಸಿ ಮಾರಿದರು. ಮೊದಲು ಗಾಳದ ಎರೆಗೆ, ಆಮೇಲೆ ಸಾಕುಪ್ರಾಣಿಗಳ ಮೇವಿಗೆ. ಯೂರೋಪಿನಲ್ಲಿ 1970ರ ದಶಕದಲ್ಲಿಯೇ ಕಂಡಿದ್ದ ಒಂದು ವೈರಸ್ ಬೇನೆ 2009–10ರ ಹೊತ್ತಿಗೆ ಅಲ್ಲಿಯ ಸಾಕಣೆ ಮನೆಗಳಿಗೆ ಹೊಕ್ಕಿತು. ಎಷ್ಟೋ ದೊಡ್ಡ ಮನೆಗಳ ಹುಳುವೆಲ್ಲ ಸತ್ತಿತು, ಕೆಲವರು ದಿವಾಳಿಯಾದರು. ದೆ ವೆಕ್ಕಿಯ ಕಾಲದಲ್ಲಿ ಮೈಸೂರಿನ ರೈತ ತಟ್ಟೆಯ ಮುಂದೆ ಕೈಚೆಲ್ಲಿ ಕುಳಿತದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಒತ್ತಾಗಿ ತುಂಬಿದ ಹುಳು, ಒಂದೇ ಬೀಜ, ಒಂದೇ ಮನೆ. ಆದ್ದರಿಂದ ನೀವು ತೌಡಿನ ಡಬ್ಬಿಯಲ್ಲಿ ಹುಳು ಸಾಕುವುದಾದರೆ ಡಬ್ಬಿ ಎರಡಿರಲಿ, ಬೇರೆಬೇರೆ ಕೋಣೆಯಲ್ಲಿರಲಿ, ಒಂದರ ಸೌಟು ಇನ್ನೊಂದಕ್ಕೆ ತಾಗದಿರಲಿ. ತೇವಕ್ಕೆ ಕ್ಯಾರೆಟ್ಟಿನ ಒಂದು ಹೋಳು ಸಾಕು; ನೀರು ಚಿಮುಕಿಸಿದರೆ ತೌಡಿಗೆ ಬೂಸ್ಟು ಬರುತ್ತದೆ.

ಇಷ್ಟೆಲ್ಲ ತೊಂದರೆ ಏಕೆ, ಹೊಲದಲ್ಲಿ ಹಿಡಿದು ತಂದರಾಗದೇ ಎಂದರೆ, ಮತ್ತೆ ನ್ಯಾಮತಿಯ ಮಡಕೆಗೇ ಬರಬೇಕು. ಅಜ್ಜಿಯ ಕಾಲದ ಹೊಲ ಈಗಿಲ್ಲ. ಗೆದ್ದಲಿಗೆಂದು ಮಣ್ಣಿಗೆ ಬೆರೆಸುತ್ತಿದ್ದ ಆಲ್ಡ್ರಿನ್ ಎಂಬ ವಿಷ 1990ರ ದಶಕದಲ್ಲಿ ನಿಷೇಧವಾಯಿತು. ಅದರ ಜಾಗಕ್ಕೆ ಬೇರೆ ಔಷಧಿಗಳು ಬಂದವು. ಅಂಥ ನೆಲದಿಂದ ಬಂದ ಗೆದ್ದಲು ಸಾಯುವ ಮೊದಲು ಮಡಕೆಗೆ ಬರಬಹುದು, ಮಡಕೆಯಿಂದ ಮರಿಯ ಹೊಟ್ಟೆಗೂ ಹೋಗಬಹುದು. ಹಿತ್ತಿಲ ನೆಲಕ್ಕೆ ಔಷಧಿ ಬೀಳದ ಮನೆಗಳಲ್ಲಿ ಮಡಕೆಯನ್ನು ಈಗಲೂ ಕವುಚಬಹುದು. ಆದರೆ ಹಾಗೆ ಕವುಚುವ ಮೊದಲು, ಬೇಲಿಯಾಚೆಯ ಮೆಕ್ಕೆಜೋಳಕ್ಕೆ ಈ ವಾರ ಏನು ಹೊಡೆದಿರಿ ಎಂದು ಪಕ್ಕದ ಹೊಲದವರನ್ನು ಕೇಳಿಕೊಂಡು ಬರಬೇಕು.