ಸಿಂಗಸಂದ್ರ: ಹೆಸರಿನಲ್ಲೇ ಕೆರೆ

ಜಪಾನಿನ ಶಿಕೋಕು ದ್ವೀಪದ ಬೆಟ್ಟಗಳ ನಡುವೆ ನಗೋರೊ ಎಂಬ ಹಳ್ಳಿಯಿದೆ. ಊರು ಬಿಟ್ಟು ಹೋದವರ ಜಾಗದಲ್ಲಿ ಅಲ್ಲಿ ಬಟ್ಟೆಯ ಗೊಂಬೆ ಕೂರಿಸಿದ್ದಾರೆ. ಅದನ್ನು ಓದಿದಾಗ ನಮಗೆ ನೆನಪಾದದ್ದು ಹೊಸೂರು ರಸ್ತೆಯ ಸಿಂಗಸಂದ್ರ. ಇಲ್ಲಿ ಕಥೆ ತಿರುವುಮುರುವು: ಜನ ತುಂಬಿದರು, ಹೊಲ ಹೋಯಿತು.

ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ. ದೊಡ್ಡ ಹೊಳೆಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಏರಿ ಕಟ್ಟಿ ಮಳೆನೀರು ನಿಲ್ಲಿಸಿ, ಅದಕ್ಕೇ ಸಮುದ್ರ ಅಂದರು. ಹೊಂಗಸಂದ್ರ, ಬೊಮ್ಮಸಂದ್ರ ಎಲ್ಲ ಹೀಗೇ. ತೂಬಿನ ಕೆಳಗೆ ಗದ್ದೆ, ಮೇಲೆ ರಾಗಿ ಹೊಲ. ಇದು ನಿನ್ನೆ ಮೊನ್ನೆಯ ಸೀಮೆಯೂ ಅಲ್ಲ. ಪಕ್ಕದ ಬೇಗೂರಿನಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತಿದೆ. ಕೆಂಪೇಗೌಡರು ಪೇಟೆ ಕಟ್ಟಿದ್ದು ಅದಾಗಿ ಆರು ನೂರು ವರ್ಷದ ಮೇಲೆ!

1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆ ಹತ್ತಿರದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿತು. 2007ರಲ್ಲಿ ಸಿಂಗಸಂದ್ರ ಬಿಬಿಎಂಪಿಗೆ ಸೇರಿತು. 2010ರಲ್ಲಿ ಮೇಲ್ಸೇತುವೆ, 2025ರ ಆಗಸ್ಟ್‌ನಲ್ಲಿ ಮೆಟ್ರೊ.

ಕೆರೆ ಇನ್ನೂ ಇದೆ. ಆದರೆ ಗದ್ದೆಯೇ ಇಲ್ಲದ ಮೇಲೆ ನೀರುಗಂಟಿಗೇನು ಕೆಲಸ? ನೀರು ಬೇಕಾದವರಿದ್ದಾಗ ಏರಿ ಬಿರುಕು ಬಿಟ್ಟರೆ ಊರೇ ಓಡಿ ಬರುತ್ತಿತ್ತು.

ನಿಮ್ಮೂರ ಹೆಸರಿನಲ್ಲೂ ಸಂದ್ರ ಇದೆಯೇ? ಆ ಕೆರೆ ಎಲ್ಲಿತ್ತೆಂದು ಹಿರಿಯರನ್ನು ಕೇಳಿ, ನಮಗೆ ಬರೆಯಿರಿ.